ಪರದೇಶಕ್ಕೆ ಹೋಗುವ ಪಾರ್ಸೆಲ್: ಹಣೆಬರಹ ಬರೆಯುವುದು ನಮ್ಮೂರ ಕೌಂಟರಿನಲ್ಲೇ

ಮಾನ್ಯ ಸಂಪಾದಕರೇ,

ಮಿಡಿ ಉಪ್ಪಿನಕಾಯಿ ಹಾಕಿ ಮುಗಿದು, ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಂಚೆ ಕಚೇರಿಗಳಲ್ಲೂ ಶಿವಮೊಗ್ಗದ ಕೊರಿಯರ್ ಅಂಗಡಿಗಳಲ್ಲೂ ಹೊರದೇಶಕ್ಕೆ ಹೋಗುವ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಮಗನೋ ಮಗಳೋ ಲಂಡನ್ನಿನಲ್ಲಿ, ಮ್ಯೂನಿಕ್‌ನಲ್ಲಿ, ಡಲ್ಲಾಸ್‌ನಲ್ಲಿ, ದುಬೈಯಲ್ಲಿ ಕಾಯುತ್ತಿರುತ್ತಾರೆ. ಅವುಗಳಲ್ಲಿ ಕೆಲವು ತಲುಪುವುದಿಲ್ಲ. ಅಲ್ಲಿಯ ಕಸ್ಟಮ್ಸ್‌ನಲ್ಲಿ ನಾಶವಾಗುತ್ತವೆ, ಇಲ್ಲವೇ ತಿಂಗಳುಗಟ್ಟಲೆ ಸುತ್ತಾಡಿ ಎಣ್ಣೆ ಜಿನುಗಿದ ರಟ್ಟಾಗಿ ಮರಳಿ ಮನೆಗೇ ಬರುತ್ತವೆ. ದೂರು ಯಾವಾಗಲೂ ಅಂಚೆಯವರ ಮೇಲೆ ಅಥವಾ ಕೊರಿಯರ್‌ನವರ ಮೇಲೆ. ಆದರೆ ಹೆಚ್ಚಿನ ಸಲ ತೊಡಕು ಹುಟ್ಟುವುದು ಇಲ್ಲೇ, ಅವಸರದಲ್ಲಿ ತುಂಬಿದ ಒಂದು ಹಾಳೆಯಲ್ಲಿ. ಅದನ್ನು ಸರಿಮಾಡುವುದು ಕಷ್ಟದ ಕೆಲಸವಲ್ಲ. ಅದಕ್ಕಾಗಿಯೇ ತಮ್ಮ ಪತ್ರಿಕೆಯ ಮೂಲಕ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಪೆಟ್ಟಿಗೆಯೊಳಗೆ ಏನಿದೆ ಎಂದು ಕಸ್ಟಮ್ಸ್‌ಗೆ ತಿಳಿಸುವ ಆ ಹಾಳೆಗೆ ಅಂಚೆಯಲ್ಲಿ ಸಿಎನ್ 22 ಅಥವಾ ಸಿಎನ್ 23 ಎಂದು ಹೆಸರು. ಚಿಕ್ಕ ಪೊಟ್ಟಣಕ್ಕೆ ಮೊದಲನೆಯದು, ಪಾರ್ಸೆಲ್‌ಗೆ ಎರಡನೆಯದು. ಕೊರಿಯರ್‌ನಲ್ಲಿ ಇನ್‌ವಾಯ್ಸ್ ಎನ್ನುತ್ತಾರೆ. ಈಗ ಇದು ಪೆಟ್ಟಿಗೆಗೆ ಅಂಟಿಸುವ ಕಾಗದ ಮಾತ್ರವಲ್ಲ. ಕೌಂಟರಿನಲ್ಲಿ ಕಂಪ್ಯೂಟರಿಗೆ ಹಾಕಿದ ವಿವರ ಪೆಟ್ಟಿಗೆಗಿಂತ ಮೊದಲೇ ಆ ದೇಶ ಸೇರುತ್ತದೆ. ಅಮೆರಿಕ 2021ರ ಜನವರಿಯಿಂದ ಇದನ್ನು ಕಡ್ಡಾಯ ಮಾಡಿತು, ಐರೋಪ್ಯ ಒಕ್ಕೂಟವೂ ಅದೇ ವರ್ಷ ಜಾರಿಗೆ ತಂದಿತು. ವಿವರ ಅರೆಬರೆ ಇದ್ದರೆ ಪೆಟ್ಟಿಗೆ ವಿಮಾನ ಹತ್ತುವ ಮುಂಚೆಯೇ ನಿಲ್ಲಬಹುದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಒಳಗೇನಿದೆ ಎಂದು ಬರೆಯುವ ಸಾಲು. ‘ಫುಡ್ ಐಟಮ್ಸ್’, ‘ಪರ್ಸನಲ್ ಥಿಂಗ್ಸ್’, ‘ಗಿಫ್ಟ್’ ಎಂದು ಬರೆದುಬಿಡುತ್ತಾರೆ. ಆ ಮಾತಿನಿಂದ ಅಲ್ಲಿಯ ಅಧಿಕಾರಿಗೆ ಏನೂ ತಿಳಿಯದು, ಪೆಟ್ಟಿಗೆ ಒಡೆದು ನೋಡಲೇಬೇಕಾಗುತ್ತದೆ. ಒಂದೊಂದು ವಸ್ತುವಿಗೂ ಒಂದೊಂದು ಸಾಲು ಬೇಕು: ಏನು, ಎಷ್ಟು, ನಿವ್ವಳ ತೂಕ, ಬೆಲೆ, ಯಾವ ದೇಶದ್ದು, ಜೊತೆಗೆ ಆರು ಅಂಕಿಯ ಎಚ್‌ಎಸ್ ಕೋಡ್. ಈ ಕೋಡ್ ಜಗತ್ತಿನ ಕಸ್ಟಮ್ಸ್‌ಗಳೆಲ್ಲ ಓದುವ ಭಾಷೆ. ಜೇನು 0409ರಿಂದ, ಕಾಫಿ 0901ರಿಂದ, ಕಾಳುಮೆಣಸು 0904ರಿಂದ ಶುರುವಾಗುತ್ತದೆ. ನಮ್ಮ ದೇಶದ ಸುಂಕದ ಪಟ್ಟಿಯಲ್ಲಿ ಹಪ್ಪಳ ಬರುವುದು 1905ರ ಕೆಳಗೆ.

ಹೆಸರನ್ನು ಇಂಗ್ಲಿಷಿನಲ್ಲಿ, ಹೊರಗಿನವರಿಗೆ ತಿಳಿಯುವಂತೆ ಬರೆಯಬೇಕು. ‘ಹಪ್ಪಳ’, ‘ಮುರುಗಲು’, ‘ತೊಡೆದೇವು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಜರ್ಮನಿಯ ಅಧಿಕಾರಿಗೆ ಅದರಿಂದ ಏನಾಗಬೇಕು? ಹಲಸಿನ ಹಪ್ಪಳಕ್ಕೆ ‘ಡ್ರೈಡ್ ಜಾಕ್‌ಫ್ರೂಟ್ ವೇಫರ್ಸ್, ಅನ್‌ಫ್ರೈಡ್’, ಮುರುಗಲ ಸಿಪ್ಪೆಗೆ ‘ಡ್ರೈಡ್ ಕೋಕಮ್ ರಿಂಡ್’, ಮಿಡಿ ಉಪ್ಪಿನಕಾಯಿಗೆ ‘ಮ್ಯಾಂಗೋ ಪಿಕಲ್, ಹೋಮ್‌ಮೇಡ್’ ಎಂದು ಬರೆದರೆ ಸಾಕು. ಪುಡಿಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ವಿಭೂತಿ, ಅಕ್ಕಿ ಹಿಟ್ಟು, ಸೀಗೆಪುಡಿ, ಅರಿಶಿನವನ್ನು ಹೆಸರಿಲ್ಲದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಕಳಿಸುವುದು ನಮ್ಮಲ್ಲಿ ಮಾಮೂಲು. ಸ್ಕ್ಯಾನರಿನಲ್ಲಿ ಕಾಣುವ ಹೆಸರಿಲ್ಲದ ಬಿಳಿ ಪುಡಿ ಯಾವ ವಿಮಾನ ನಿಲ್ದಾಣದಲ್ಲೂ ಸುಮ್ಮನೆ ದಾಟುವುದಿಲ್ಲ. ಪ್ರತಿ ಪೊಟ್ಟಣಕ್ಕೂ ಹೆಸರು, ತೂಕ, ಕಟ್ಟಿದ ದಿನ ಬರೆದ ಚೀಟಿ ಅಂಟಿಸಿ.

ಬೆಲೆ ಬರೆಯುವಲ್ಲಿ ಎರಡು ಬಗೆಯ ತಪ್ಪು. ಕೆಲವರು ‘ಮನೆಯದ್ದಲ್ಲವಾ’ ಎಂದು ಸೊನ್ನೆ ಹಾಕುತ್ತಾರೆ. ಸೊನ್ನೆ ಬೆಲೆಯನ್ನು ಯಾವ ಕಸ್ಟಮ್ಸೂ ಒಪ್ಪುವುದಿಲ್ಲ. ಇನ್ನು ಕೆಲವರು ಎಂಟು ಸಾವಿರದ ರೇಷ್ಮೆ ಸೀರೆಗೆ ಐನೂರು ಎಂದು ಬರೆಯುತ್ತಾರೆ. ಅನುಮಾನ ಬಂದರೆ ಅಲ್ಲಿಯವರು ಖರೀದಿ ರಸೀದಿ ಕೇಳುತ್ತಾರೆ, ಓಡಾಡುವ ಪಾಡು ಮಕ್ಕಳದ್ದು. ಪೆಟ್ಟಿಗೆ ಕಳೆದುಹೋದರೆ ಪರಿಹಾರವೂ ಬರೆದ ಬೆಲೆಯನ್ನು ಮೀರದು. ಮನೆಯಲ್ಲಿ ಮಾಡಿದ್ದಕ್ಕೆ ಅಂಗಡಿಯಲ್ಲಿ ಅದೇ ಸಾಮಾನಿಗೆ ಏನು ಬೆಲೆಯೋ ಅಷ್ಟು ಬರೆಯುವುದು ನ್ಯಾಯ, ಸುರಕ್ಷಿತವೂ ಹೌದು.

ಉಡುಗೊರೆಗೆ ಒಂದೊಂದು ದೇಶ ಒಂದೊಂದು ಮಿತಿ ಇಟ್ಟಿದೆ. ಬ್ರಿಟನ್ನಿನಲ್ಲಿ 39 ಪೌಂಡ್‌ವರೆಗಿನ ಉಡುಗೊರೆಗೆ ವ್ಯಾಟ್ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 45 ಯೂರೋ. ನಮ್ಮ ಲೆಕ್ಕದಲ್ಲಿ ಎರಡೂ ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸು. ಕೆನಡಾದಲ್ಲಿ 60 ಕೆನಡಾ ಡಾಲರ್. ಆಸ್ಟ್ರೇಲಿಯಾ ಸುಂಕದಲ್ಲಿ ಉದಾರಿ, 1000 ಆಸ್ಟ್ರೇಲಿಯಾ ಡಾಲರ್‌ವರೆಗೆ ಗಡಿಯಲ್ಲಿ ಸುಂಕ ಕೇಳುವುದಿಲ್ಲ. ಅದರ ಬಿಗಿಯೆಲ್ಲ ತಿನಿಸು ಮತ್ತು ಬೀಜದ ಮೇಲೆ, ಅದನ್ನು ಮುಂದೆ ಹೇಳುತ್ತೇವೆ. ಉಡುಗೊರೆ ಎನ್ನಿಸಿಕೊಳ್ಳಬೇಕಾದರೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸಿರಬೇಕು. ಸಾಗರದ ಅಂಗಡಿಯವರೇ ಬಿಲ್ ಸಮೇತ ನೇರವಾಗಿ ಕಳಿಸಿದರೆ, ದುಡ್ಡು ಅಪ್ಪನೇ ಕೊಟ್ಟಿದ್ದರೂ, ಕಾನೂನಿನ ಕಣ್ಣಿಗೆ ಅದು ವ್ಯಾಪಾರ. ಮಿತಿ ದಾಟಿದರೆ ತೆರಿಗೆ ಹೆಚ್ಚುವರಿ ಮೊತ್ತಕ್ಕಷ್ಟೇ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬ್ರಿಟನ್ನಿನಲ್ಲಿ ಆರು ಸಾವಿರದ ಸೀರೆಗೆ ಐದು ಸಾವಿರ ಸಾಗಣೆ ವೆಚ್ಚ ಆಗಿದ್ದರೆ ಶೇಕಡಾ 20ರ ವ್ಯಾಟ್ ಲೆಕ್ಕ ಹಾಕುವುದು ಹನ್ನೊಂದು ಸಾವಿರದ ಮೇಲೆ. ಅದರ ಮೇಲೆ ಅಂಚೆ ಅಥವಾ ಕೊರಿಯರ್‌ನವರ ನಿರ್ವಹಣಾ ಶುಲ್ಕ ಬೇರೆ.

ಒಂದೇ ಮನೆಯ ಮಗ, ಸೊಸೆ, ಮೊಮ್ಮಗಳಿಗೆ ಒಂದೇ ಪೆಟ್ಟಿಗೆಯಲ್ಲಿ ಕಳಿಸುವವರಿಗೆ ಬ್ರಿಟನ್ ಒಂದು ಅನುಕೂಲ ಕೊಟ್ಟಿದೆ. ಒಬ್ಬೊಬ್ಬರದ್ದನ್ನು ಬೇರೆ ಬೇರೆ ಸುತ್ತಿ, ಅದರ ಮೇಲೆ ಅವರವರ ಹೆಸರು ಬರೆದು, ಫಾರ್ಮಿನಲ್ಲೂ ಬೇರೆ ಬೇರೆ ಸಾಲಿನಲ್ಲಿ ಬೆಲೆ ತೋರಿಸಿದರೆ ಪ್ರತಿಯೊಬ್ಬರಿಗೂ 39 ಪೌಂಡಿನ ವಿನಾಯಿತಿ ಸಿಗುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯದೆ ಎಷ್ಟೋ ಮನೆಗಳು ಕಟ್ಟಬೇಕಿಲ್ಲದ ತೆರಿಗೆ ಕಟ್ಟುತ್ತಿವೆ.

ಅಮೆರಿಕದ ವಿಷಯ 2025ರಲ್ಲಿ ಪೂರ್ತಿ ಬದಲಾಯಿತು. 800 ಡಾಲರ್‌ವರೆಗಿನ ಸರಕಿಗೆ ಸುಂಕವಿಲ್ಲ ಎಂಬ ಹಳೆಯ ವಿನಾಯಿತಿ ಆ ವರ್ಷದ ಆಗಸ್ಟ್ 29ರಿಂದ ನಿಂತಿತು. ಅದಕ್ಕೆ ನಾಲ್ಕು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಪತ್ರ, ದಾಖಲೆ ಮತ್ತು 100 ಡಾಲರ್ ಒಳಗಿನ ಉಡುಗೊರೆ ಬಿಟ್ಟು ಉಳಿದ ಪಾರ್ಸೆಲ್‌ಗಳನ್ನು ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಸೇವೆ ಮತ್ತೆ ಶುರುವಾಯಿತು, ಆದರೆ ಸುಂಕವನ್ನು ಇಲ್ಲಿಯೇ, ಪಾರ್ಸೆಲ್ ಕೊಡುವಾಗಲೇ ಕಟ್ಟುವ ವ್ಯವಸ್ಥೆಯೊಂದಿಗೆ. ಸುಂಕದ ದರ ಬದಲಾಗುತ್ತಿರುವುದರಿಂದ ಪೆಟ್ಟಿಗೆ ಕಟ್ಟುವ ಮುಂಚೆ ಕೌಂಟರಿನಲ್ಲಿ ಅಂದಿನ ಲೆಕ್ಕ ಕೇಳಿಕೊಳ್ಳಿ. ಇನ್ನೊಂದು ವಿಷಯ: ಅಮೆರಿಕಕ್ಕೆ ಆಹಾರ ಹೋಗುವ ಮೊದಲು ಅಲ್ಲಿಯ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಮುನ್ಸೂಚನೆ ಕೊಡಬೇಕೆಂಬ ನಿಯಮವಿದೆ. ಒಬ್ಬ ವ್ಯಕ್ತಿ ತನ್ನ ಮನೆಯಲ್ಲೇ ಮಾಡಿ, ತಾನೇ ಉಡುಗೊರೆಯಾಗಿ ಕಳಿಸುವ ತಿನಿಸಿಗೆ ಇದರಿಂದ ವಿನಾಯಿತಿ. ಅಮ್ಮ ಮಾಡಿದ ಉಪ್ಪಿನಕಾಯಿಯನ್ನು ಅಮ್ಮನ ಹೆಸರಿನಲ್ಲೇ ಕಳಿಸಿ. ಪಕ್ಕದ ಮನೆಯವರು ಮಾಡಿದ್ದು, ಅಂಗಡಿಯಿಂದ ತಂದಿದ್ದು ಈ ವಿನಾಯಿತಿಗೆ ಬರುವುದಿಲ್ಲ.

ಇನ್ನು ಏನು ಕಳಿಸಬಾರದು ಎಂಬುದು. ಇಲ್ಲಿ ತಪ್ಪಿದರೆ ಹೋಗುವುದು ಬರೀ ದುಡ್ಡಲ್ಲ, ಮಕ್ಕಳ ಮೇಲೆ ಕೇಸು ಬೀಳುವ ಅಪಾಯವಿದೆ. ಆದ್ದರಿಂದ ಗಸಗಸೆಯಿಂದಲೇ ಶುರುಮಾಡುತ್ತೇವೆ. ನಮಗೆ ಅದು ಪಾಯಸದ ಸಾಮಾನು. ಯುಎಇ, ಸೌದಿ ಅರೇಬಿಯಾ, ಸಿಂಗಪುರದಲ್ಲಿ ಅದು ಅಫೀಮಿನ ಗಿಡದ ಬೀಜ, ಮಾದಕ ವಸ್ತು ಕಾನೂನಿನ ಕೆಳಗೆ ನಿಷೇಧ. ಮಸಾಲೆ ಪುಡಿಯೊಳಗೆ ಹುರಿದು ಹಾಕಿದ ಒಂದು ಚಮಚವೂ ಬೇಡ. ಯುಎಇಯಲ್ಲಿ ಅಡಿಕೆ, ಎಲೆ, ಪಾನ್ ಕೂಡ ನಿಷಿದ್ಧ. ತಾಂಬೂಲವಿಲ್ಲದೆ ಯಾವ ಶುಭಕಾರ್ಯವೂ ಆಗದ ನಮ್ಮ ಸೀಮೆಯವರಿಗೆ ಇದು ಹೊಳೆಯುವುದೇ ಇಲ್ಲ. ಪೂಜೆಯ ಪೊಟ್ಟಣದಲ್ಲಿ ಎರಡು ಬಟ್ಟಲಡಿಕೆ ತಾನಾಗಿ ಸೇರಿಬಿಡುತ್ತದೆ. ಅಮೆರಿಕಕ್ಕೆ ಅಡಿಕೆ ಹಾಳೆಯ ತಟ್ಟೆ ಕಳಿಸುತ್ತಿದ್ದವರೂ ಗಮನಿಸಬೇಕು: 2025ರಲ್ಲಿ ಎಫ್‌ಡಿಎ ಆ ತಟ್ಟೆಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿದೆ, ಬಂದರಿನಲ್ಲೇ ತಡೆಹಿಡಿಯುತ್ತಾರೆ.

ಹಾಲಿನ ಪದಾರ್ಥ ಬ್ರಿಟನ್ನಿಗೂ ಐರೋಪ್ಯ ಒಕ್ಕೂಟಕ್ಕೂ ಹೋಗುವುದಿಲ್ಲ. ಮನೆಯ ತುಪ್ಪ ಎಷ್ಟೇ ಶುದ್ಧವಿದ್ದರೂ ಅದು ಹಾಲಿನ ಪದಾರ್ಥವೇ. ಜೇನುತುಪ್ಪ ಒಕ್ಕೂಟದ ದೇಶಗಳಿಗೆ ಸ್ವಂತ ಬಳಕೆಗೆಂದು 2 ಕೆಜಿವರೆಗೆ ಹೋಗಬಹುದು. ನ್ಯೂಜಿಲೆಂಡಿಗೂ ಆಸ್ಟ್ರೇಲಿಯಾದ ಪಶ್ಚಿಮ ರಾಜ್ಯಕ್ಕೂ ಜೇನು ಬೇಡವೇ ಬೇಡ. ಜರ್ಮನಿಗೆ ಕಾಫಿಪುಡಿ ಕಳಿಸುವ ಕೊಪ್ಪ, ಶೃಂಗೇರಿ ಕಡೆಯವರಿಗೆ ಒಂದು ಮಾತು. ಅಲ್ಲಿ ಕಾಫಿಗೆ ಪ್ರತ್ಯೇಕ ತೆರಿಗೆ ಇದೆ, ಹುರಿದ ಕಾಫಿಗೆ ಕೆಜಿಗೆ 2.19 ಯೂರೋ. ಉಡುಗೊರೆಯಲ್ಲಿ ವಿನಾಯಿತಿ ಇರುವುದು 500 ಗ್ರಾಂಗೆ ಮಾತ್ರ. ಹಾಗಾಗಿ ಅರ್ಧ ಕೆಜಿಯ ಒಂದು ಪೊಟ್ಟಣ ಸಾಕು.

ಹಸಿ ಎಲೆ, ಬೀಜ, ಕಡ್ಡಿ ಎಲ್ಲಿಗೂ ಬೇಡ. ಕರಿಬೇವಿಗೂ ನಿಂಬೆ, ಕಿತ್ತಳೆ ಗಿಡಕ್ಕೂ ಒಂದೇ ಕೀಟ ಕೂರುತ್ತದೆ. ಆ ಕೀಟ ಹರಡುವ ರೋಗ ಕಿತ್ತಳೆ ತೋಟವನ್ನೇ ಕೊಲ್ಲುತ್ತದೆ, ಅದಕ್ಕೇ ಅಮೆರಿಕ ನಮ್ಮ ಕರಿಬೇವನ್ನು ಒಳಗೆ ಬಿಡುವುದಿಲ್ಲ. ಐರೋಪ್ಯ ಒಕ್ಕೂಟ ಹಸಿ ಹಣ್ಣು, ತರಕಾರಿ, ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ. ತೆಂಗು, ಬಾಳೆಹಣ್ಣಿನಂಥ ಐದು ಬಗೆಗೆ ಮಾತ್ರ ವಿನಾಯಿತಿ. ಹಿತ್ತಿಲ ಬಸಳೆ, ಹೀರೆ, ಮೊಗೆಕಾಯಿ ಬೀಜವನ್ನು ಪತ್ರದೊಳಗೆ ಮಡಚಿ ಕಳಿಸುವುದೂ ಇದೇ ನಿಯಮಕ್ಕೆ ಬರುತ್ತದೆ. ಅಕ್ಕಿಯ ಕಥೆ ಬೇರೆ. ಖಾಪ್ರಾ ಎಂಬ ದಾಸ್ತಾನು ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನು ಅಮೆರಿಕ ಅಂಚೆಯಲ್ಲಿ, ಕೈಚೀಲದಲ್ಲಿ ತಡೆಯುತ್ತದೆ. ಆಸ್ಟ್ರೇಲಿಯಾ 2020ರಿಂದ ಅಕ್ಕಿಯ ಜೊತೆಗೆ ಕಡಲೆ, ಹೆಸರು, ತೊಗರಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿಗಳನ್ನೂ ಅಂಚೆಯಲ್ಲಿ ಬಿಡುತ್ತಿಲ್ಲ. ಸಾರಿನ ಪುಡಿಗೆ ಬೇಕಾದ್ದೆಲ್ಲ ಈ ಪಟ್ಟಿಯಲ್ಲೇ ಇದೆ.

ವಿಮಾನಕ್ಕೆ ಅಪಾಯವೆಂದು ತಡೆಯುವ ಸಾಮಾನು ಎರಡು, ನಮ್ಮ ಮನೆಗಳಿಂದ ಪದೇ ಪದೇ ಹೋಗುವಂಥವು. ಒಂದು ಕರ್ಪೂರ, ಬೇಗ ಹತ್ತಿಕೊಳ್ಳುವ ಘನ ವಸ್ತುಗಳ ಪಟ್ಟಿಯಲ್ಲಿದೆ. ಇನ್ನೊಂದು ಒಣಕೊಬ್ಬರಿ. ಎಣ್ಣೆಯ ಅಂಶದಿಂದ ತಾನಾಗಿ ಬಿಸಿಯೇರಿ ಉರಿಯಬಹುದೆಂದು ಅದನ್ನೂ ಅಪಾಯಕಾರಿ ಸರಕೆಂದೇ ಎಣಿಸುತ್ತಾರೆ. ಪೂಜಾ ಸಾಮಗ್ರಿ ಕಳಿಸುವವರು ಕರ್ಪೂರ, ಬೆಂಕಿಪೊಟ್ಟಣ, ಕೊಬ್ಬರಿ ಗಿಟಕು ತೆಗೆದಿಡಿ. ಲಿಥಿಯಂ ಬ್ಯಾಟರಿ ಇರುವ ಆಟಿಕೆ, ಸುಗಂಧದ್ರವ್ಯವೂ ಬೇಡ. ಔಷಧಿಯ ಬಗ್ಗೆ ಇಷ್ಟು ಸಾಕು: ಜರ್ಮನಿ ಖಾಸಗಿಯವರ ಹೆಸರಿಗೆ ಅಂಚೆಯಲ್ಲಿ ಬರುವ ಔಷಧಿಯನ್ನು ಬಿಡುವುದಿಲ್ಲ, ಆಯುರ್ವೇದದ ಭಸ್ಮಗಳನ್ನು ಸೀಸ, ಪಾದರಸದ ಅನುಮಾನದಿಂದ ಬಹಳ ಕಡೆ ನಿಲ್ಲಿಸುತ್ತಾರೆ. ಗುಡಿಗಾರರ ಕೆತ್ತನೆಯಲ್ಲಿ ಬೀಟೆ ಮರದ್ದು 2017ರಿಂದ, ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ. ಕಾಗದಪತ್ರ ವಿಚಾರಿಸದೆ ಕಟ್ಟಬೇಡಿ.

ಕಟ್ಟುವ ಕೆಲಸಕ್ಕೆ ಬರೋಣ. ಸೋರಿದ ಒಂದು ಉಪ್ಪಿನಕಾಯಿ ಜಾರು ತನ್ನ ಪೆಟ್ಟಿಗೆಯನ್ನಷ್ಟೇ ಅಲ್ಲ, ಚೀಲದಲ್ಲಿರುವ ಹತ್ತು ಜನರ ಪೆಟ್ಟಿಗೆಯನ್ನೂ ಹಾಳುಮಾಡುತ್ತದೆ. ಗಾಜಿನ ಭರಣಿ ಬಿಡಿ, ದಪ್ಪ ಪ್ಲಾಸ್ಟಿಕ್ ಜಾರು ತನ್ನಿ. ವಿಮಾನದಲ್ಲಿ ಹೊರಗಿನ ಗಾಳಿಯ ಒತ್ತಡ ಇಳಿದಾಗ ಜಾರಿನೊಳಗಿನ ಗಾಳಿ ಹಿಗ್ಗಿ ರಸವನ್ನು ಮುಚ್ಚಳದ ಸಂದಿನಿಂದ ತಳ್ಳುತ್ತದೆ. ಅದಕ್ಕೇ ಕಂಠದವರೆಗೆ ತುಂಬಬಾರದು, ಮೇಲೆ ಎರಡು ಬೆರಳು ಜಾಗ ಬಿಡಬೇಕು. ಬಾಯಿಗೆ ಫಾಯಿಲ್ ಸೀಲ್ ಹಾಕಿಸಿದರೆ ಉತ್ತಮ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಬಿಗಿದು, ಒಂದರೊಳಗೊಂದು ಎರಡು ಜಿಪ್ ಕವರಿಗೆ ಹಾಕಿ, ನಡುವೆ ಹಳೆಯ ಹತ್ತಿ ಬಟ್ಟೆ ಸುತ್ತಿ. ಜಾರು ಪೆಟ್ಟಿಗೆಯ ನಡುವೆ ಕೂರಬೇಕು, ಮೂಲೆಯಲ್ಲಲ್ಲ. ಜೋನಿ ಬೆಲ್ಲಕ್ಕೂ ಇದೇ ರೀತಿ, ಆದರೆ ಅದು ಬಿಸಿಲಿಗೆ ಇನ್ನಷ್ಟು ತೆಳುವಾಗುತ್ತದೆ. ಅಚ್ಚು ಬೆಲ್ಲ ಕಳಿಸಬಹುದಾದರೆ ಅದನ್ನೇ ಕಳಿಸಿ ಎಂದು ನಮ್ಮ ಸಲಹೆ.

ಹಪ್ಪಳ ಹಗುರ, ಆದರೆ ಜಾಗ ತಿನ್ನುತ್ತದೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 45, 35, 30 ಅಳತೆಯ ಪೆಟ್ಟಿಗೆಯೊಳಗೆ 4 ಕೆಜಿ ಹಪ್ಪಳವಿದ್ದರೂ ಲೆಕ್ಕದ ತೂಕ 9.45 ಕೆಜಿ, ದುಡ್ಡು ಅದಕ್ಕೇ. ಹಪ್ಪಳವನ್ನು ಒತ್ತಾಗಿ ಜೋಡಿಸಿ ಗಾಳಿ ತೆಗೆಸಿ ಪ್ಯಾಕ್ ಮಾಡಿಸಿ, ಪೆಟ್ಟಿಗೆಯನ್ನು ಸಾಮಾನಿಗೆ ತಕ್ಕಂತೆ ಕತ್ತರಿಸಿ. ತೊಡೆದೇವನ್ನು ಗಟ್ಟಿ ಡಬ್ಬಿಯಲ್ಲಿ ಅಲುಗಾಡದಂತೆ ಕಾಗದ ತುಂಬಿ ಇಡದಿದ್ದರೆ ಅಲ್ಲಿ ಸಿಗುವುದು ಪುಡಿ. ಪೆಟ್ಟಿಗೆ ಐದು ಪದರದ ರಟ್ಟಿನದಿರಲಿ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಕಡೆ ರಟ್ಟು ಕೈಯಲ್ಲೇ ಮೆತ್ತಗಾಗಿರುತ್ತದೆ, ಅಂಥ ಪೆಟ್ಟಿಗೆಯ ಮೇಲೆ ಇನ್ನೆರಡು ಪೆಟ್ಟಿಗೆ ಬಿದ್ದರೆ ಕುಸಿಯುತ್ತದೆ. ಅಡುಗೆ ಒಲೆಯ ಅಟ್ಟದ ಬಳಿ ಒಂದು ರಾತ್ರಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಹಾಸಿ ತುಂಬಿ. ಹಳೆಯ ಪೆಟ್ಟಿಗೆಯಾದರೆ ಹಿಂದಿನ ಬಾರ್‌ಕೋಡ್ ಚೀಟಿಯನ್ನು ಪೂರ್ತಿ ಕಿತ್ತುಹಾಕಿ. ಯಂತ್ರ ಅದನ್ನು ಓದಿ ಪೆಟ್ಟಿಗೆಯನ್ನು ಬೇರೆಡೆಗೆ ಅಟ್ಟಿದ್ದುಂಟು.

ಪಡೆಯುವವರ ಕಡೆಯಿಂದಲೂ ತಪ್ಪುಗಳಾಗುತ್ತವೆ. ಜರ್ಮನಿಯಲ್ಲಿ ಅಂಚೆಯವರು ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಡುತ್ತಾರೆ. ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಯ ಹೆಸರು ಅಲ್ಲಿಲ್ಲದಿದ್ದರೆ ಪಾರ್ಸೆಲ್ ವಾಪಸ್. ಮನೆ ಮಾಲೀಕರ ಹೆಸರನ್ನೂ ವಿಳಾಸದಲ್ಲಿ ಸೇರಿಸಬೇಕು. ಕೊಲ್ಲಿ ದೇಶಗಳಲ್ಲಿ ಅಂಚೆ ಬರುವುದು ಪಿ.ಒ. ಬಾಕ್ಸ್‌ಗೆ, ಹೆಚ್ಚಿನವರ ಬಾಕ್ಸ್ ಕಂಪನಿಯದ್ದು. ಅಮೆರಿಕಕ್ಕೆ ಅಪಾರ್ಟ್‌ಮೆಂಟ್ ಸಂಖ್ಯೆ ಬಿಡಬಾರದು. ಎಲ್ಲ ಕಡೆಗೂ ಪಡೆಯುವವರ ಸ್ಥಳೀಯ ಮೊಬೈಲ್ ಮತ್ತು ಇ-ಮೇಲ್ ಬೇಕೇ ಬೇಕು, ಏಕೆಂದರೆ ಸುಂಕದ ಸೂಚನೆ ಬರುವುದು ಅದಕ್ಕೇ. ನಮ್ಮೂರ ನಂಬರ್ ಬರೆದರೆ ಅಪ್ಪನ ಫೋನಿಗೆ ಅರ್ಥವಾಗದ ಒಂದು ಸಂದೇಶ ಬಂದು ಅಲ್ಲಿಗೇ ಮುಗಿಯುತ್ತದೆ. ಕಾಯುವ ಗಡುವು ಒಂದೆರಡು ವಾರ, ಆಮೇಲೆ ಪೆಟ್ಟಿಗೆ ಹಿಂದಕ್ಕೆ.

ರಸೀದಿಯ ಮೇಲಿನ 13 ಅಕ್ಷರದ ಸಂಖ್ಯೆಯನ್ನು ಫೋಟೋ ತೆಗೆದು ಅಂದೇ ಮಕ್ಕಳಿಗೆ ಕಳಿಸಿ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಐಎನ್. ಮೊದಲ ಅಕ್ಷರ ಇ ಆದರೆ ಸ್ಪೀಡ್ ಪೋಸ್ಟ್, ಸಿ ಆದರೆ ಪಾರ್ಸೆಲ್, ಆರ್ ಆದರೆ ರಿಜಿಸ್ಟರ್ಡ್. ಇದೇ ಸಂಖ್ಯೆಯನ್ನು ಆ ದೇಶದ ಅಂಚೆಯ ಜಾಲತಾಣದಲ್ಲಿ ಹಾಕಿದರೆ ನಮ್ಮ ತಾಣದಲ್ಲಿ ಕಾಣದ ವಿವರ ಸಿಗುತ್ತದೆ. ‘ಸುಂಕ ಕಟ್ಟಿ’ ಎಂದು ಬರುವ ಮೊಬೈಲ್ ಸಂದೇಶದ ಕೊಂಡಿಯನ್ನು ಒತ್ತದೆ, ಸಂಖ್ಯೆಯನ್ನು ಅಧಿಕೃತ ತಾಣದಲ್ಲೇ ಹಾಕಿ ನೋಡಿ ದುಡ್ಡು ಕಟ್ಟಲಿ. ಈ ಹೆಸರಿನಲ್ಲಿ ಮೋಸ ವಿಪರೀತ.

ಪಾರ್ಸೆಲ್ ಕೊಡಲಾಗದಿದ್ದರೆ ಏನು ಮಾಡಬೇಕೆಂದು ಫಾರ್ಮಿನಲ್ಲೇ ಕೇಳಿರುತ್ತಾರೆ: ಕಳಿಸಿದವರಿಗೆ ಹಿಂತಿರುಗಿಸಬೇಕೇ, ಬಿಟ್ಟುಬಿಡಬೇಕೇ ಎಂದು. ಬಹಳ ಜನ ಖಾಲಿ ಬಿಡುತ್ತಾರೆ. ಹಿಂತಿರುಗಿ ಬಂದ ಪಾರ್ಸೆಲ್‌ಗೆ ಸಾಗಣೆ ವೆಚ್ಚ ಕಳಿಸಿದವರಿಂದ ಕೇಳಬಹುದು. ಎಂಟುನೂರು ರೂಪಾಯಿಯ ಹಪ್ಪಳ ಹಿಂತಿರುಗಿ ಬರಬೇಕಿಲ್ಲ, ಸೀರೆ ಬರಬೇಕು. ಯೋಚಿಸಿ ಗುರುತು ಹಾಕಿ. ಖಾಸಗಿ ಏಜೆಂಟರಲ್ಲಿ ಕೊಡುವವರು ‘ಡ್ಯೂಟಿ ಎಲ್ಲ ಸೇರಿ’ ಎಂಬ ಬಾಯಿಮಾತು ನಂಬದೆ, ಸುಂಕ ಕಟ್ಟುವವರು ಯಾರೆಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಅವರು ತುಂಬಿದ ಇನ್‌ವಾಯ್ಸ್‌ನ ಪ್ರತಿ ಕೇಳಿ ಓದಿ. ತಿನಿಸಿನ ಪೆಟ್ಟಿಗೆಗೆ ‘ಸ್ಯಾಂಪಲ್’ ಎಂದು ಬರೆದಿದ್ದರೆ ಅಲ್ಲೇ ತಿದ್ದಿಸಿ.

ಕೊನೆಯದಾಗಿ ಅಂಚೆ ಇಲಾಖೆಗೆ ಒಂದು ಬೇಡಿಕೆ. ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿಯಲ್ಲೂ ತಾಲ್ಲೂಕು ಕಚೇರಿಗಳಲ್ಲೂ ಸಿಎನ್ 23ರ ತುಂಬಿದ ಮಾದರಿಯೊಂದನ್ನು, ಪಕ್ಕದಲ್ಲಿ ಕನ್ನಡ ಅರ್ಥದೊಂದಿಗೆ, ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಾಕಿ. ನಮ್ಮ ಕಡೆಯಿಂದ ಹೆಚ್ಚಾಗಿ ಹೋಗುವ ಮೂವತ್ತು ನಲವತ್ತು ಪದಾರ್ಥಗಳ ಇಂಗ್ಲಿಷ್ ಹೆಸರು, ಎಚ್‌ಎಸ್ ಕೋಡ್, ಯಾವ ದೇಶಕ್ಕೆ ಬೇಡ ಎಂಬುದರ ಪಟ್ಟಿ ಅದರ ಕೆಳಗಿರಲಿ. ಪಾರ್ಸೆಲ್ ಕೊಡಲು ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಮೊಬೈಲಿನಲ್ಲಿ ಹುಡುಕಲಾರರು. ಸರತಿಯಲ್ಲಿ ನಿಂತ ಹತ್ತು ನಿಮಿಷದಲ್ಲಿ ಓದಿಕೊಳ್ಳಬಹುದಾದ ಈ ಫಲಕವನ್ನು ಮುಂದಿನ ಹಪ್ಪಳದ ಕಾಲಕ್ಕೆ ಮುಂಚೆ ಹಾಕಿಸಬೇಕೆಂದು ಕೋರುತ್ತೇವೆ.

— ಅಂಚೆ ಮತ್ತು ಸರಕು ಸಾಗಣೆ ಕೆಲಸದಿಂದ ನಿವೃತ್ತರಾದ ಕೆಲವರು, ಸಾಗರ, ಶಿವಮೊಗ್ಗ ಜಿಲ್ಲೆ